ಕಣಜವೂ ತುಂಬಿಯೂ

ಶಬ್ದವು ತಪ್ಪಿದರೆ ಅರ್ಥವು ತಪ್ಪುವುದೆಂದು ಪಾಠಶಾಲೆಯಲ್ಲಿ ನಮ್ಮ ಗುರುಗಳು ಹೇಳುತ್ತಿದ್ದರು. ಅರ್ಥವು ತಪ್ಪಿದರೆ ಒಬ್ಬ ಹುಡುಗನ ಪ್ರಾಣಕ್ಕೇ ಸಂಚಕಾರ ಬರಬಹುದೆಂಬುದನ್ನು ನಾನು ತಿಳಿದುಕೊಂಡದ್ದಾದರೋ ಉದ್ಯೋಗದಿಂದ ನಿವೃತ್ತನಾದ ಮೇಲೆ, ಕೂಡ್ಲಿಗಿಯ ಕಡೆಯ ಒಂದು ಹೊಲದ ಬದುವಿನ ಮೇಲೆ.

ಕಾರ್ತಿಕಮಾಸದ ದಿನಗಳು. ನನ್ನ ತಮ್ಮನ ಹೊಲದಲ್ಲಿ ಮೆಕ್ಕೆಜೋಳದ ತೆನೆ ಮುರಿಯುವ ಕೆಲಸ ನಡೆದಿತ್ತು. ಬದುವಿನಲ್ಲಿ ಒಂದು ದೊಡ್ಡ ಹುಣಸೆಯ ಮರ. ಗಿಡುಗವೇ ಎರಗಿತೋ, ಯಾರಾದರೂ ಕಲ್ಲು ಬೀರಿದರೋ ಕಾಣೆ, ಮರದ ಮೇಲಿನಿಂದ ಹುಳುಗಳ ಒಂದು ಮೋಡವೇ ಇಳಿದು ಬಂದಿತು. ಆಳುಗಳು ಕಂಬಳಿ ಹೊದ್ದು ಕುಳಿತರು. ನಾನು ಹೊಲದ ಈಚೆಯ ಅಂಚಿನಲ್ಲಿದ್ದುದರಿಂದ ಪಾರಾದೆನು. ತಮ್ಮನ ಮಗ, ಹನ್ನೆರಡು ವರ್ಷದ ಹುಡುಗ, ಓಡಲರಿಯದೆ ಕೈ ಬೀಸುತ್ತ ನಿಂತುಬಿಟ್ಟನು. ಎಲ್ಲವೂ ಅಡಗಿದ ಮೇಲೆ ನೋಡಿದರೆ ಅವನ ಕೊರಳೂ ಕಿವಿಗಳೂ ಉಬ್ಬಿ ಕೆಂಪಾಗಿದ್ದವು.

ಆಗ ನಮ್ಮಲ್ಲಿ ನಡೆದದ್ದು ಚಿಕಿತ್ಸೆಯಲ್ಲ, ನಾಮಕರಣ. ಹಿರಿಯ ಆಳೊಬ್ಬನು, “ಕಡಜ ಕಡದಾವ್ರಿ, ಸುಣ್ಣ ಹಚ್ಚಿದ್ರ ಹೋಗತೈತಿ” ಎಂದನು. ರಾಯದುರ್ಗದ ಕಡೆಯಿಂದ ಬಂದಿದ್ದ ಹೆಣ್ಣಾಳು ತನ್ನ ತೆಲುಗಿನಲ್ಲಿ ಅದನ್ನು ಕಂದಿರೀಗವೆಂದಳು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಶಬ್ದಾರ್ಥಗಳನ್ನು ಹೇಳಿಕೊಟ್ಟ ನಾನು, ಗಾಬರಿಯಲ್ಲಿ, “ದುಂಬಿಗಳಿರಬೇಕು” ಎಂದೆನು. ಕೊನೆಗೆ ಹಿರಿಯನ ಮಾತೇ ಗೆದ್ದಿತು. ಕಡಜವೆಂದರೆ ನಾಲ್ಕಾರು ಹುಳು, ಎರಡು ದಿನದ ಬಾವು ಎಂದು ನಾವೆಲ್ಲರೂ ಎಣಿಸಿದೆವು. ಸುಣ್ಣ ಹಚ್ಚಿ ನೆರಳಿನಲ್ಲಿ ಮಲಗಿಸಿದೆವು. ಒಂದು ಗಳಿಗೆಯ ತರುವಾಯ ಹುಡುಗನು ವಾಂತಿ ಮಾಡಿಕೊಂಡು ತಲೆ ತಿರುಗುತ್ತದೆಂದಾಗ ನಮ್ಮ ಎದೆ ನಡುಗಿತು, ಆಸ್ಪತ್ರೆಗೆ ಒಯ್ದೆವು.

ವೈದ್ಯರ ಮೊದಲನೆಯ ಪ್ರಶ್ನೆಯೇ, “ಕಡಿದದ್ದು ಯಾವ ಹುಳ? ಜೇನೇ, ಕಣಜವೇ?” ಎಂಬುದು. ನಮ್ಮಲ್ಲಿ ಉತ್ತರವಿರಲಿಲ್ಲ, ನಾಲ್ಕು ಹೆಸರುಗಳಿದ್ದವು. ಅವರು ನಮ್ಮ ಮಾತನ್ನು ಬಿಟ್ಟು ಹುಡುಗನ ಚರ್ಮವನ್ನು ಕೇಳಿದರು. ಕೂದಲ ಸಂದಿಯಲ್ಲಿ, ಕೊರಳ ಹಿಂಬದಿಯಲ್ಲಿ, ಎಳ್ಳಿನ ಮೊನೆಯಷ್ಟು ಸಣ್ಣ ಕರಿಯ ಮುಳ್ಳುಗಳು ನೆಟ್ಟುಕೊಂಡಿದ್ದವು. ಅವನ್ನು ಕೆರೆದು ತೆಗೆಯುತ್ತ ಎಣಿಸಿದರು, ಮೂವತ್ತನ್ನು ಮೀರಿದವು. “ಇದು ಹೆಜ್ಜೇನು. ಮುಳ್ಳು ಬಿಟ್ಟು ಹೋಗುವುದು ಜೇನಿನ ಗುರುತು, ಕಣಜ ಬಿಟ್ಟುಹೋಗುವುದಿಲ್ಲ. ಮುಳ್ಳಿನ ಚೀಲದೊಳಗಿನ ವಿಷ ಒಂದು ನಿಮಿಷದೊಳಗೇ ಮೈಗೆ ಸೇರಿಬಿಡುತ್ತದೆ. ಆದುದರಿಂದ ಕೂಡಲೇ ತೆಗೆಯಬೇಕಿತ್ತು, ಕೂಡಲೇ ಕರೆತರಬೇಕಿತ್ತು” ಎಂದರು. ಎರಡು ದಿನ ಅಲ್ಲಿಯೇ ಇರಿಸಿಕೊಂಡು ಮೂತ್ರವನ್ನು ಪರೀಕ್ಷಿಸುತ್ತ ಬಂದರು. ಬಹಳ ಹುಳುಗಳ ವಿಷ ಕೂಡಿದಾಗ ಮೂತ್ರಪಿಂಡಗಳು ಕೆಡುವ ಭಯವಿದೆಯಂತೆ. ದೈವಕೃಪೆಯಿಂದ ಹುಡುಗನು ಗುಣಹೊಂದಿದನು. ಆದರೆ ‘ಕಡಜ’ವೆಂಬ ಮೂರಕ್ಷರಗಳ ನೆರಳಿನಲ್ಲಿ ನಾವು ಸುಮ್ಮನೆ ಕುಳಿತ ಆ ಹೊತ್ತು ನನ್ನ ಮನಸ್ಸಿನಿಂದ ಹೋಗಲಿಲ್ಲ.

ಹಿರಿಯ ಆಳು ಅಜ್ಞಾನಿಯೇ? ಎಂಟು ದಿನಗಳ ಮೇಲೆ ಅವನನ್ನೇ ಕೇಳಿದೆನು. “ಮರದಾಗ ತಟ್ಟಿ ಕಟ್ಟಿತ್ತಲ್ರಿ, ಹೆಜ್ಜೇನು. ಅಟ್ಟಿಸಿಕೊಂಡು ಕಡಿಯೋದಕ್ಕೆಲ್ಲಾ ನಾವು ಕಡಜ ಅಂತೀವ್ರಿ” ಎಂದನು. ಅವನಿಗೆ ಹುಳು ಗೊತ್ತಿತ್ತು; ಅವನ ಶಬ್ದದ ಎಲ್ಲೆ ಬೇರೆ, ನನ್ನ ಶಬ್ದದ ಎಲ್ಲೆ ಬೇರೆ. ನಾನು ಅವನ ಶಬ್ದವನ್ನು ನನ್ನ ಕೋಶದಲ್ಲಿಟ್ಟು ಅರ್ಥಮಾಡಿಕೊಂಡೆನು. ತಪ್ಪು ಇಬ್ಬರ ನಡುವೆ ಇದ್ದಿತು.

ಅಂದಿನಿಂದ ಈ ಹೆಸರುಗಳ ಬೆನ್ನು ಹತ್ತಿದೆನು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ನಮ್ಮ ಐದು ತಾಲೂಕುಗಳು 2021ರಿಂದ ವಿಜಯನಗರ ಜಿಲ್ಲೆಯಲ್ಲಿವೆ; 1953ಕ್ಕೆ ಮೊದಲು ಈ ಸೀಮೆಯೆಲ್ಲವೂ ಮದರಾಸಿನ ಆಡಳಿತದಲ್ಲಿದ್ದು ತೆಲುಗಿನೊಡನೆ ಒಂದೇ ಅಂಗಳದಲ್ಲಿ ಬಾಳಿತ್ತು. ಆದುದರಿಂದ ಇಲ್ಲಿಯ ಸಂತೆಯಲ್ಲಿ ಒಂದು ಹುಳುವಿಗೆ ಎರಡು ಭಾಷೆಯ ಹೆಸರು ಕೇಳಿದರೆ ಆಶ್ಚರ್ಯವಿಲ್ಲ. ತೆಲುಗಿನವರು ಈ ವಿಷಯದಲ್ಲಿ ನಮಗಿಂತ ಅಚ್ಚುಕಟ್ಟು: ತೇನೆಟೀಗ ಎಂದರೆ ಜೇನುಹುಳು, ಕಂದಿರೀಗ ಎಂದರೆ ಕಣಜ, ತುಮ್ಮೆದ ಎಂದರೆ ದುಂಬಿ. ನಮ್ಮ ಕಡಜಕ್ಕೆ ಮಲಯಾಳದ ಕಡನ್ನಲ್ ಎಂಬುದು ಒಡಹುಟ್ಟಿನಂತೆ ಕಾಣುತ್ತದೆ. ನಮ್ಮ ತುಂಬಿಯು ಮಾತ್ರ ಮಲಯಾಳಕ್ಕೆ ಹೋದರೆ ಗಾಜಿನ ರೆಕ್ಕೆಯ ಕೊಡತಿಹುಳುವಾಗಿ, ನೀರಿನ ಮೇಲೆ ಹಾರುವ ಬೇರೊಂದು ಪ್ರಾಣಿಯಾಗಿಬಿಡುತ್ತದೆ. ಅದು ಯಾರನ್ನೂ ಕುಟುಕುವುದಿಲ್ಲ.

ಕನ್ನಡದ ತೊಡಕಾದರೋ ವಿಚಿತ್ರವಾದುದು. ಕಡಜವೆಂದರೂ ಅದೇ, ಕಣಜವೆಂದರೂ ಅದೇ. ಆದರೆ ಕಣಜವೆಂದರೆ ಧಾನ್ಯದ ಉಗ್ರಾಣವೂ ಹೌದು. ತುಂಬಿ ಎಂದರೆ ದುಂಬಿ. ತುಂಬಿ ಎಂದರೆ ಪೂರ್ಣವಾಗಿ ಎಂಬ ಅರ್ಥವೂ ಉಂಟು. ಒಮ್ಮೆ ತರಗತಿಯಲ್ಲಿ ‘ರೈತನ ಮನೆಯಲ್ಲಿ ಕಣಜ ತುಂಬಿತು’ ಎಂಬ ವಾಕ್ಯವನ್ನು ಬರೆಯಿಸಿ ಅರ್ಥ ಕೇಳಿದಾಗ, ಒಬ್ಬ ಹುಡುಗನು ಬಹು ಮರುಕದಿಂದ, “ಪಾಪ, ಅವರೆಲ್ಲಾ ಎಲ್ಲಿ ಮಲಗಿದ್ರು ಸಾರ್?” ಎಂದು ಕೇಳಿದ್ದನು. ಅಂದು ತರಗತಿಯೆಲ್ಲವೂ ನಕ್ಕಿತು, ನಾನೂ ನಕ್ಕೆನು. ನಮ್ಮ ಹಳ್ಳಿಗಳಲ್ಲಿ ಕಾಳನ್ನು ತುಂಬುತ್ತಿದ್ದುದು ನೆಲದೊಳಗಿನ ಹಗೇವಿನಲ್ಲಿ. ಅವನು ಕೇಳಿ ಬಲ್ಲ ಕಣಜವು ಕುಟುಕುವ ಕಣಜವೊಂದೇ. ಅವನ ಉತ್ತರದಲ್ಲಿ ನಗತಕ್ಕದ್ದು ಏನೂ ಇರಲಿಲ್ಲವೆಂದು ಈಗ ತೋರುತ್ತದೆ.

ಕ್ರಿಯಾಪದವೂ ನಮಗೆ ನೆರವಾಗುವುದಿಲ್ಲ. ನಾಯಿ ಕಡಿಯುತ್ತದೆ, ಹಾವು ಕಡಿಯುತ್ತದೆ, ಇರುವೆ ಕಡಿಯುತ್ತದೆ, ಜೇನೂ ಕಡಿಯುತ್ತದೆ. ಕುಟುಕು ಎಂಬ ಒಳ್ಳೆಯ ಮಾತು ನಮ್ಮಲ್ಲಿದ್ದರೂ ಅದನ್ನು ಚೇಳಿಗೆ ಮೀಸಲಿಟ್ಟಿದ್ದೇವೆ. ಜೇನಾಗಲಿ ಕಣಜವಾಗಲಿ ನಮ್ಮನ್ನು ನೋಯಿಸುವುದು ಬಾಯಿಂದಲ್ಲ, ಬಾಲದ ತುದಿಯ ಮುಳ್ಳಿನಿಂದ. ಆದುದರಿಂದ ಚೇಳಿನ ಮಾತೇ ಇವಕ್ಕೂ ಸಲ್ಲತಕ್ಕದ್ದು.

ಇದು ಕನ್ನಡವೊಂದರ ಕಷ್ಟವೆಂದು ಬಗೆದಿದ್ದೆನು. ನಮ್ಮ ಬಂಧುಗಳ ಮಗಳೊಬ್ಬಳು ಬೆಂಗಳೂರಿನಲ್ಲಿ ಸ್ಪೇನ್ ದೇಶದ ಭಾಷೆಯನ್ನು ಕಲಿಯುತ್ತಿದ್ದಾಳೆ. ರಜೆಗೆ ಬಂದಾಗ ಈ ಪ್ರಸಂಗವನ್ನು ಕೇಳಿ, ತನ್ನ ತರಗತಿಯಲ್ಲಿಯೂ ಇದೇ ಗೋಳೆಂದಳು. ಅಲ್ಲಿ ಜೇನುಹುಳು ಅಬೇಹ, ಕಣಜ ಅವಿಸ್ಪ. ಆ ಭಾಷೆಯಲ್ಲಿ ಬಕಾರ ವಕಾರಗಳಿಗೆ ಉಚ್ಚಾರದಲ್ಲಿ ಭೇದವಿಲ್ಲವಾದುದರಿಂದ ಎರಡು ಶಬ್ದಗಳೂ ಒಂದೇ ಬಾಗಿಲಿನಿಂದ ಒಳಗೆ ಬರುತ್ತವೆ. ರೋಮಿನ ಪ್ರಾಚೀನ ಭಾಷೆಯಲ್ಲಿ ಕಣಜಕ್ಕೆ ವೆಸ್ಪ ಎಂದಿದ್ದು, ಅದರ ಮುಂದಣ ಅಕಾರವು ಜೇನಿನ ಹೆಸರಿನ ಸಹವಾಸದಿಂದ ಬಂದು ಸೇರಿತೆಂದು ಪಂಡಿತರು ಹೇಳುತ್ತಾರಂತೆ. ಮೇಲೆ ದೊಡ್ಡದಕ್ಕೆ ಬೇರೆ ಹೆಸರುಗಳು: ಮೈತುಂಬ ರೋಮವುಳ್ಳ ಗುಂಡು ಜೇನು ಅಬೆಹೊರ್ರೊ, ಹಿರಿಯ ಕಣಜ ಅವಿಸ್ಪೋನ್. ಇನ್ನು ಅಬೆಹೋನ್ ಎಂಬುದನ್ನು ಅದೇ ಭಾಷೆಯಾಡುವ ಕೋಸ್ಟರಿಕ ದೇಶಕ್ಕೆ ಒಯ್ದರೆ ಅದು ಕುಟುಕದ ಜೀರುಂಡೆಯಾಗುತ್ತದೆ. ಅಬೇಹವನ್ನೂ ಅವಿಸ್ಪವನ್ನೂ ಕಿವಿಯಿಂದ ಬೇರ್ಪಡಿಸಲಾರದೆ ಅವಳು ಕೊನೆಗೆ ಎರಡರ ಚಿತ್ರವನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡಿದ್ದಳು. ಆ ಚಿತ್ರವನ್ನು ಕಂಡಾಗ, ಇಷ್ಟು ವರ್ಷ ಮಕ್ಕಳಿಗೆ ಅಮರಕೋಶವನ್ನು ಹೇಳಿಕೊಟ್ಟ ನನಗೆ ಒಂದು ದಿನವಾದರೂ ಈ ಉಪಾಯವು ಹೊಳೆಯಲಿಲ್ಲವಲ್ಲಾ ಎಂದು ನಾಚಿಕೆಯಾಯಿತು.

ಅಮರಸಿಂಹನು ಭ್ರಮರಕ್ಕೆ ಹನ್ನೊಂದು ಹೆಸರುಗಳನ್ನು ಕೊಟ್ಟಿದ್ದಾನೆ. ಮಧುವ್ರತ, ಮಧುಕರ, ಮಧುಪ, ಅಲಿ, ಭೃಂಗ, ಷಟ್ಪದ ಮೊದಲಾಗಿ ಅವನ್ನು ಒಂದೇ ಉಸಿರಿನಲ್ಲಿ ಹೇಳಿದವನಿಗೆ ನಮ್ಮ ಪಾಠಶಾಲೆಯಲ್ಲಿ ಮೆಚ್ಚುಗೆಯುಂಟು. ಅವುಗಳಲ್ಲಿ ದ್ವಿರೇಫವೆಂಬುದೊಂದು: ಭ್ರಮರ ಎಂಬ ಶಬ್ದದಲ್ಲಿ ಎರಡು ರೇಫಗಳಿರುವುದರಿಂದ ಆ ಹೆಸರು. ಎಂದರೆ, ಹುಳುವನ್ನು ನೋಡಿ ಇಟ್ಟ ಹೆಸರಲ್ಲ, ಹೆಸರನ್ನು ನೋಡಿ ಇಟ್ಟ ಹೆಸರು! ಷಟ್ಪದವೂ ಗುರುತಿಗೆ ಬಾರದು. ಆರು ಕಾಲುಗಳು ಜೇನಿಗೂ ಉಂಟು, ನೊಣಕ್ಕೂ ಉಂಟು, ಇರುವೆಗೂ ಉಂಟು. ಹಾಗೆಂದು ಅಮರನು ವಿವೇಕವಿಲ್ಲದವನಲ್ಲ. ಜೇನುಹುಳುವಿಗೆ ಸರಘಾ ಎಂಬ ಬೇರೆ ಹೆಸರನ್ನೂ, ಕಣಜಕ್ಕೆ ಗಂಧೋಲೀ, ವರಟಾ ಎಂಬ ಬೇರೆ ಹೆಸರುಗಳನ್ನೂ ತೋರಿಸಿದ್ದಾನೆ. ಗಂಧೋಲಿಯು ಇಂದಿಗೂ ಮರಾಠಿಯಲ್ಲಿ ಗಾಂಧೀಲಮಾಶಿಯಾಗಿ ಜೀವಿಸಿದೆ. ವರಟೆಯಾದರೋ ಅವನಲ್ಲಿಯೇ ಇನ್ನೊಂದು ಕಡೆ ಹೆಣ್ಣು ಹಂಸವೂ ಆಗುತ್ತಾಳೆ. ನಮಗೆ ಕಂಠಪಾಠವಾದದ್ದು ಕಾವ್ಯದಲ್ಲಿ ಬರುವ ಹನ್ನೊಂದು. ಮೈಗೆ ತಾಗುವ ಮೂರನ್ನು ಗುರುಗಳೂ ಬೇಗನೆ ದಾಟಿಸಿದರು, ನಾವೂ ದಾಟಿದೆವು.

ಕಥೆಗಳಲ್ಲಿಯೂ ಹೀಗೆಯೇ. ಪರಶುರಾಮನು ಕರ್ಣನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾಗ ತೊಡೆಯನ್ನು ಕೊರೆದದ್ದು ದುಂಬಿಯೆಂದು ನಾವು ಹರಿಕಥೆಗಳಲ್ಲಿ ಕೇಳಿದ್ದೇವೆ. ಶಾಂತಿಪರ್ವದಲ್ಲಿ ಅದು ಅಲರ್ಕವೆಂಬ ಹೆಸರಿನ, ಎಂಟು ಕಾಲುಗಳ ಕೃಮಿ. ಎಂಟು ಕಾಲುಗಳಿದ್ದ ಮೇಲೆ ಅದು ಷಟ್ಪದವಾಗುವುದೆಂತು? ಉಣ್ಣೆಯ ಕಡೆಯದೆನ್ನಬೇಕು. ಮರವನ್ನೇ ಕೊರೆಯುವ ಕರಿಯ ದುಂಬಿಯನ್ನು ತೊಲೆಯಲ್ಲಿ ಕಂಡ ನಮ್ಮ ಹಿರಿಯರು ತೊಡೆಯನ್ನೂ ಅದಕ್ಕೇ ಒಪ್ಪಿಸಿದರು.

ಈಗ ನಾನು ಹೇಳಲು ಸಂಕೋಚಪಡುತ್ತಿದ್ದ ಸಂಗತಿಗೆ ಬರುತ್ತೇನೆ. ಉದ್ಯೋಗದಲ್ಲಿದ್ದಾಗ ಒಂದು ದಿನ ಹತ್ತನೆಯ ತರಗತಿಗೆ ಕೀಟಭ್ರಮರನ್ಯಾಯವನ್ನು ವಿವರಿಸುತ್ತಿದ್ದೆನು. ಭ್ರಮರವು ಒಂದು ಕೀಟವನ್ನು ತಂದು ಮಣ್ಣಿನ ಗೂಡಿನಲ್ಲಿಟ್ಟು ಮುಚ್ಚುತ್ತದೆ. ಕೀಟವು ಭಯದಿಂದ ಸದಾ ಭ್ರಮರವನ್ನೇ ಧ್ಯಾನಿಸುತ್ತ ತಾನೂ ಭ್ರಮರವೇ ಆಗಿ ಹೊರಬರುತ್ತದೆ. ಹಾಗೆಯೇ ಜೀವನು ಬ್ರಹ್ಮಧ್ಯಾನದಿಂದ ಬ್ರಹ್ಮವೇ ಆಗುತ್ತಾನೆ. ಶಂಕರಾಚಾರ್ಯರದೆಂದು ಪ್ರಸಿದ್ಧವಾದ ವಿವೇಕಚೂಡಾಮಣಿಯಲ್ಲಿ ಈ ದೃಷ್ಟಾಂತವಿದೆ. ನಮ್ಮ ವಚನಕಾರರೂ ಕೀಡಿ ಕುಂಡಲಿಗರ ಮಾತನ್ನು ಎತ್ತಿದ್ದಾರೆ. ಕಿಟಕಿಯ ಚೌಕಟ್ಟಿನ ಮೇಲೆ ಅಂಥದೇ ಒಂದು ಮಣ್ಣಿನ ಗೂಡಿದ್ದುದನ್ನು ನಾನೇ ತೋರಿಸಿದೆನು. ವಿರಾಮದಲ್ಲಿ ಒಬ್ಬ ಹುಡುಗನು ಅದನ್ನು ಬಿಡಿಸಿ, ಅಂಗೈಯಲ್ಲಿಟ್ಟುಕೊಂಡು ನನ್ನ ಬಳಿಗೆ ತಂದನು. ಒಳಗೆ ಏಳೆಂಟು ಹಸುರು ಕಂಬಳಿಹುಳುಗಳು, ಸತ್ತಿಲ್ಲ, ಆದರೆ ಚಲಿಸುವುದೂ ಇಲ್ಲ. ಅವುಗಳ ನಡುವೆ ಬಿಳಿಯ ಒಂದು ಮರಿಹುಳು. “ಸಾರ್, ಇವು ಧ್ಯಾನ ಮಾಡಂಗ ಕಾಣಲ್ರಿ. ಈ ಮರಿ ಅವನ್ನ ತಿನ್ನಾಕತ್ತೈತ್ರಿ” ಎಂದನು.

ನಾನು ಅವನ ಅಂಗೈಯನ್ನು ನೋಡಲಿಲ್ಲ. ಪಾಠಕ್ಕೆ ಎದುರು ಹೇಳುತ್ತಾನೆಂದೂ, ಗೂಡು ಕೆಡಿಸಿದನೆಂದೂ ಗದರಿಸಿ, ಆ ಗಳಿಗೆಯೆಲ್ಲ ಹೊರಗೆ ನಿಲ್ಲಿಸಿದೆನು. ಅವನು ಮತ್ತೆ ನನ್ನ ತರಗತಿಯಲ್ಲಿ ಪ್ರಶ್ನೆಯನ್ನು ಕೇಳಿದುದು ನೆನಪಿಲ್ಲ.

ಹುಡುಗನು ಕಂಡದ್ದೇ ನಿಜ. ಗೂಡು ಕಟ್ಟಿದ್ದು ಹೂವಿನ ಜೇನನ್ನು ಕುಡಿಯುವ ದುಂಬಿಯಲ್ಲ, ಕಣಜಗಳ ಕುಲಕ್ಕೆ ಸೇರಿದ ಕುಂಬಾರಹುಳ. ಹೆಣ್ಣು ಹುಳುವು ಒದ್ದೆಮಣ್ಣನ್ನು ತಂದು ಕುಡಿಕೆಯಂತೆ ಗೂಡು ಮಾಡಿ, ಒಳಗೆ ಒಂದು ಮೊಟ್ಟೆಯನ್ನು ನೂಲಿನಂಥ ಎಳೆಯಿಂದ ತೂಗುಬಿಟ್ಟು, ಕಂಬಳಿಹುಳುಗಳನ್ನು ಕುಟುಕಿ ಜಡಗೊಳಿಸಿ ತಂದು ತುಂಬಿ, ಬಾಯಿ ಮುಚ್ಚಿ ಹೋಗುತ್ತದೆ. ಮೊಟ್ಟೆಯೊಡೆದ ಮರಿಗೆ ಅದೇ ಬುತ್ತಿ. ಗೋಡೆಗೆ ಮಣ್ಣು ಮೆತ್ತುವ ಇನ್ನೊಂದು ಜಾತಿಯ ಕಣಜವು ಕಂಬಳಿಹುಳುವಿನ ಬದಲು ಜೇಡಗಳನ್ನು ತುಂಬುತ್ತದೆ. ಹೊರಬರುವುದು ಸೆರೆಯಾದ ಕೀಟವಲ್ಲ, ಅದನ್ನು ತಿಂದು ಬೆಳೆದ ಮರಿ. ಫ್ರಾನ್ಸ್ ದೇಶದ ಫಾಬ್ರ್ (1823–1915) ಎಂಬವನು ಇಂಥ ಹುಳುಗಳ ಮುಂದೆ ವರ್ಷಗಟ್ಟಲೆ ಕುಳಿತು ನೋಡಿ, 1879ರಿಂದ ಸಂಪುಟ ಸಂಪುಟವಾಗಿ ಬರೆದನು. ಅವನೂ ನನ್ನಂತೆ ಶಾಲೆಯ ಉಪಾಧ್ಯಾಯನಾಗಿದ್ದವನೇ. ಅವನು ಬಿಸಿಲಿನಲ್ಲಿ ಕುಳಿತನು, ನಾನು ಕುರ್ಚಿಯಲ್ಲಿ ಕುಳಿತೆನು.

ಹಾಗಾದರೆ ಶಾಸ್ತ್ರವು ಸುಳ್ಳಾಯಿತೇ ಎಂದು ಕೆಲವರು ಕೇಳಬಹುದು. ದೃಷ್ಟಾಂತವು ತಿಳಿಸಲಿಕ್ಕೆ ಬಂದದ್ದು. ಧ್ಯಾನದ ಬಲವು ಕಂಬಳಿಹುಳುವನ್ನು ಆಶ್ರಯಿಸಿ ನಿಂತಿಲ್ಲ. ಇದಲ್ಲದೆ ನಾನು ಭಾಗವತವನ್ನು ಮತ್ತೆ ತೆರೆದು ನೋಡಿದೆನು. ಏಕಾದಶಸ್ಕಂಧದಲ್ಲಿ ಅವಧೂತನು ಯದುರಾಜನಿಗೆ ಹೇಳುವ ಇಪ್ಪತ್ತನಾಲ್ಕು ಗುರುಗಳಲ್ಲಿ ಹೂವಿನಿಂದ ಹೂವಿಗೆ ಹೋಗುವ ಮಧುಕೃತ್ತು ಒಬ್ಬ ಗುರು. ಕೀಟವನ್ನು ಗೂಡಿನಲ್ಲಿಡುವ ಪೇಶಸ್ಕೃತ್ತು, ಎಂದರೆ ರೂಪವನ್ನು ರಚಿಸುವ ಕುಶಲಿ, ಕೊನೆಯಲ್ಲಿ ಬರುವ ಬೇರೊಬ್ಬ ಗುರು. ಒಳಗಿನ ಕೀಟದ ಗತಿಯನ್ನು ಅದು ಹೇಗೆಯೇ ಬಗೆದಿರಲಿ, ಜೇನನ್ನೂ ಕಣಜವನ್ನೂ ಆ ಗ್ರಂಥವು ಎರಡು ಹೆಸರುಗಳಿಂದಲೇ ಕರೆದಿತ್ತು. ಭ್ರಮರವೆಂಬ ಒಂದೇ ಹೊದಿಕೆಯನ್ನು ಇಬ್ಬರಿಗೂ ಹೊದಿಸಿ, ಮಧುವನ್ನು ಕುಡಿಯುವವನೇ ಕೀಟವನ್ನು ಸೆರೆಹಿಡಿಯುವವನೆಂದು ಮಕ್ಕಳಿಗೆ ಹೇಳಿದವರು ನನ್ನಂಥ ಪಾಠಹೇಳುವವರು.

ವಾಚಕರಿಗೆ ಪ್ರಯೋಜನವಾಗಲೆಂದು, ನೋಡಿ ತಿಳಿದದ್ದನ್ನು ಇಲ್ಲಿ ಸಂಕ್ಷೇಪಿಸುತ್ತೇನೆ. ಮೈಮೇಲೆ ರೋಮವಿದ್ದು, ಹಿಂಗಾಲಿನಲ್ಲಿ ಹೂವಿನ ಪರಾಗದ ಉಂಡೆಯಿದ್ದರೆ ಅದು ಜೇನು. ನುಣುಪಾದ ಮೈ, ನೂಲಿನಂತೆ ಸಣ್ಣ ನಡು, ಹಾರುವಾಗ ಜೋಲುವ ನೀಳವಾದ ಕಾಲು ಇದ್ದರೆ ಕಣಜ. ಕಪ್ಪಾಗಿ, ದಪ್ಪನಾಗಿ, ಒಂಟಿಯಾಗಿ ಗುಂಯ್ಗುಡುತ್ತ ತೊಲೆಯಲ್ಲಿ ದುಂಡನೆಯ ತೂತು ಕೊರೆಯುವುದು ದುಂಬಿ. ಅದರ ಗಂಡಿಗೆ ಮುಳ್ಳೇ ಇಲ್ಲ, ಹೆಣ್ಣು ಹಿಡಿದು ಹಿಂಸಿಸಿದ ಹೊರತು ಕುಟುಕುವುದು ಅಪರೂಪ. ಗೂಡನ್ನು ನೋಡಿದರೂ ತಿಳಿಯುತ್ತದೆ. ಜೇನಿನ ತಟ್ಟಿಯು ಮೇಣದ್ದು. ಎತ್ತರದ ಕೊಂಬೆಯಲ್ಲಿಯೋ ಬಂಡೆಯ ಕೆಳಗೋ ಬಯಲಿಗೆ ತೂಗುವ ಒಂದೇ ದೊಡ್ಡ ತಟ್ಟಿ ಹೆಜ್ಜೇನಿನದು. ಪೊದೆಯ ಕಡ್ಡಿಗೆ ಸುತ್ತಿದ ಅಂಗೈಯಗಲದ್ದು ಕೋಲುಜೇನಿನದು. ಪೊಟರೆಯೊಳಗೆ ಸಾಲುಸಾಲಾಗಿ ಇರುವುದು ತುಡುವೆಯದು. ಗೋಡೆಯ ಬಿರುಕಿನಲ್ಲಿರುವ ಸೊಳ್ಳೆಯಷ್ಟು ಸಣ್ಣ ನಸರುಜೇನಿಗೆ ಕುಟುಕುವ ಶಕ್ತಿಯೇ ಇಲ್ಲ. ಕಣಜವು ಮೇಣವನ್ನರಿಯದು, ಮರವನ್ನು ಕೆರೆದು ಅಗಿದು ಕಾಗದದಂತೆ ಮಾಡಿ ಗೂಡು ಕಟ್ಟುತ್ತದೆ, ಇಲ್ಲವೇ ಮಣ್ಣನ್ನು ಬಳಸುತ್ತದೆ.

ಜೇನಿನ ಮುಳ್ಳಿಗೆ ಹಿಮ್ಮುಖವಾದ ಹಲ್ಲುಗಳಿರುವುದರಿಂದ ಅದು ನಮ್ಮ ಮೈಯಲ್ಲಿಯೇ ಸಿಕ್ಕಿ ಹರಿದುಹೋಗಿ ಹುಳು ಸಾಯುತ್ತದೆ. ಹರಿದ ಮುಳ್ಳಿನಿಂದ ಹೊರಡುವ ವಾಸನೆಯು ಬಾಳೆಹಣ್ಣಿನಂತಿದ್ದು ಉಳಿದ ಹುಳುಗಳನ್ನು ಅದೇ ಜಾಗಕ್ಕೆ ಕರೆಯುತ್ತದೆ. ಆದುದರಿಂದ ಕೈ ಬೀಸುತ್ತ ನಿಲ್ಲದೆ, ಮುಖ ಮುಚ್ಚಿಕೊಂಡು ಮನೆಯೊಳಕ್ಕೆ ಓಡಬೇಕು. ಕಣಜದ ಮುಳ್ಳು ನುಣುಪು. ಅದು ಮತ್ತೆ ಮತ್ತೆ ಕುಟುಕಬಲ್ಲುದು. ಮುಳ್ಳು ಕಂಡರೆ ಉಗುರಿನಿಂದಾದರೂ ತಕ್ಷಣ ತೆಗೆಯತಕ್ಕದ್ದು. ಜೇನಾಗಲಿ ಕಣಜವಾಗಲಿ, ಬಹಳ ಸಂಖ್ಯೆಯಲ್ಲಿ ಕುಟುಕಿದರೆ, ಅಥವಾ ಒಂದೇ ಕುಟುಕಿದರೂ ಉಸಿರು ಕಟ್ಟುವುದು, ಮುಖ ನಾಲಿಗೆಗಳು ಬಾಯುವುದು, ತಲೆ ತಿರುಗುವುದು ಕಂಡರೆ, ಹೆಸರನ್ನು ಚರ್ಚಿಸದೆ ಆಸ್ಪತ್ರೆಗೆ ಒಯ್ಯಬೇಕು. ಇವುಗಳನ್ನು ಕೊಲ್ಲಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ಹೊಲಗಳ ಸೂರ್ಯಕಾಂತಿಯಲ್ಲಿ ಕಾಳು ಕಟ್ಟಲು ಜೇನು ಬೇಕು; ಪೈರಿನ ಕಂಬಳಿಹುಳುಗಳನ್ನು ಹೊತ್ತೊಯ್ಯಲು ಕಣಜ ಬೇಕು.

ಗೂಡು ಬಿಡಿಸಿದ ಆ ಹುಡುಗನು ಈಗ ಹರಪನಹಳ್ಳಿಯ ಕಡೆ ಬೇಸಾಯ ಮಾಡಿಕೊಂಡಿದ್ದಾನೆ. ಕಳೆದ ವರ್ಷ ಕೊಟ್ಟೂರಿನಲ್ಲಿ ಗುರುಬಸವೇಶ್ವರರ ತೇರಿನ ದಿನ ಎದುರಾದನು. ನಾನು ಆ ದಿನದ ಮಾತನ್ನೆತ್ತಿ, “ನೀನು ಹೇಳಿದ್ದೇ ಸರಿಯಪ್ಪಾ, ನಾನು ನೋಡದೆ ಗದರಿಸಿದೆ” ಎಂದೆನು. ಅವನಿಗೆ ಮೊದಲು ನೆನಪಾಗಲಿಲ್ಲ. ಆಮೇಲೆ ನಕ್ಕು, “ಬಿಡ್ರಿ ಸಾರ್, ಗೂಡು ಒಡೆದಿದ್ದು ನಂದೂ ತಪ್ಪೇ” ಎಂದು ಕಾಲಿಗೆ ಎರಗಿದನು. ನಮ್ಮ ಮನೆಯ ಕಿಟಕಿಯ ಮೂಲೆಯಲ್ಲಿ ಈ ಮಳೆಗಾಲದಲ್ಲಿ ಕುಂಬಾರಹುಳವೊಂದು ಗೂಡು ಕಟ್ಟಿದೆ. ಗುಡಿಸುವಾಗ ಅದನ್ನು ಕೆಡವಬೇಡಿರೆಂದು ಮನೆಯವರಿಗೆ ಹೇಳಿದ್ದೇನೆ. ತಮ್ಮನ ಮಗನು ಬಂದಾಗಲೆಲ್ಲ ಅದರ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಿರುತ್ತಾನೆ. ಪಕ್ಕದಲ್ಲಿ ನಾನೂ ಕುಳಿತಿರುತ್ತೇನೆ.